ಹೋದವನ ಬದಲಿಗೆ

ಬೇಸ್‌ಬಾಲ್ ಅಮೆರಿಕದಲ್ಲಿ ಸಂಬಳದ ಕಸುಬಾಗಿ ಹತ್ತು ವರ್ಷ ತುಂಬುವ ಹೊತ್ತಿಗೆ ಅದರ ಒಡೆಯರಿಗೊಂದು ಚಿಂತೆ ಹತ್ತಿಕೊಂಡಿತು. ಒಳ್ಳೆಯ ಆಟಗಾರ ಋತು ಮುಗಿದೊಡನೆ ಹೆಚ್ಚು ಕೊಡುವವರ ಕಡೆ ಹೊರಟುಬಿಡುತ್ತಿದ್ದ. 1879ರ ಸೆಪ್ಟೆಂಬರ್ ಕೊನೆಯಲ್ಲಿ ನ್ಯಾಷನಲ್ ಲೀಗಿನ ಒಡೆಯರು ಬಫಲೋ ನಗರದಲ್ಲಿ ಕೂಡಿ, ಹೊರಗೆ ಯಾರಿಗೂ ತಿಳಿಸದೆ ಒಂದು ಕಟ್ಟಳೆ ಮಾಡಿಕೊಂಡರು. ಪ್ರತಿ ತಂಡ ಐವರು ಆಟಗಾರರನ್ನು ತನಗೆಂದು ಕಾದಿರಿಸಿಕೊಳ್ಳಬೇಕು, ಒಬ್ಬರು ಕಾದಿರಿಸಿದವನನ್ನು ಮತ್ತೊಬ್ಬರು ಮುಟ್ಟಕೂಡದು. ಕೆಲವೇ ವರ್ಷಗಳಲ್ಲಿ ಐದು ಹನ್ನೊಂದಾಯಿತು, ಆಮೇಲೆ ಇಡೀ ತಂಡವೇ ಆಯಿತು. ಗುಟ್ಟಾಗಿ ಹುಟ್ಟಿದ ಕಟ್ಟಳೆ ಕರಾರುಪತ್ರದ ಕಲಮಾಗಿ ರಾಜಾರೋಷವಾಗಿ ಕೂತಿತು. ಅದರ ಹೆಸರು ರಿಸರ್ವ್ ಕ್ಲಾಸ್. ಆಟಗಾರ ಸಹಿ ಹಾಕದಿದ್ದರೂ ತಂಡ ಹಳೆಯ ಕರಾರನ್ನು ಇನ್ನೊಂದು ವರ್ಷಕ್ಕೆ ನವೀಕರಿಸಬಹುದು ಎಂಬುದು ಅದರ ಒಕ್ಕಣೆ. ಆ ಒಂದು ವರ್ಷದ ಬಾಲಕ್ಕೆ ಮತ್ತೊಂದು, ಅದಕ್ಕೆ ಇನ್ನೊಂದು ಎಂದು ಒಡೆಯರು ಅರ್ಥಮಾಡಿಕೊಂಡರು. ಸುಮಾರು ತೊಂಬತ್ತೈದು ವರ್ಷ ಆ ಅರ್ಥವೇ ಆಳಿತು.

ಎದುರು ನಿಂತವರು ಇರಲಿಲ್ಲವೆಂದಲ್ಲ. ವಕೀಲಿಕೆ ಓದಿದ ಆಟಗಾರ ಜಾನ್ ಮಾಂಟ್ಗಾಮರಿ ವಾರ್ಡ್ 1890ರಲ್ಲಿ ಆಟಗಾರರದೇ ಒಂದು ಲೀಗ್ ಕಟ್ಟಿದರು. ಅದು ಒಂದೇ ಋತು ಬದುಕಿತು. 1922ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹೋಮ್ಸ್, ಬೇಸ್‌ಬಾಲಿಗೆ ಏಕಸ್ವಾಮ್ಯ ವಿರೋಧಿ ಕಾನೂನು ತಗಲುವುದಿಲ್ಲವೆಂದು ತೀರ್ಪು ಬರೆದರು. 1969ರಲ್ಲಿ ಸೇಂಟ್ ಲೂಯಿಸ್ ತಂಡದ ಕರ್ಟ್ ಫ್ಲಡ್ ತನ್ನನ್ನು ಕೇಳದೆ ಫಿಲಡೆಲ್ಫಿಯಾಕ್ಕೆ ಸಾಗಹಾಕಿದ್ದನ್ನು ಒಪ್ಪದೆ, ಕ್ರಿಸ್‌ಮಸ್ಸಿನ ಮುನ್ನಾದಿನ ಬೇಸ್‌ಬಾಲಿನ ಕಮಿಷನರಿಗೆ ಪತ್ರ ಬರೆದು ಕೋರ್ಟು ಹತ್ತಿದರು. 1972ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ಮೂರರ ಬಹುಮತದಿಂದ ಅವರನ್ನು ಸೋಲಿಸಿತು. ಆ ಹೊತ್ತಿಗೆ ಅವರ ಆಟದ ಬದುಕೂ ಮುಗಿದಿತ್ತು.

ನ್ಯಾಯಾಲಯಗಳು ತೆರೆಯದ ಬಾಗಿಲನ್ನು ಕೊನೆಗೆ ತೆರೆದವರು ಒಬ್ಬ ಮಧ್ಯಸ್ಥಗಾರ. ಉಕ್ಕಿನ ಕಾರ್ಮಿಕರ ಸಂಘದಲ್ಲಿ ಅರ್ಥಶಾಸ್ತ್ರಜ್ಞರಾಗಿದ್ದ ಮಾರ್ವಿನ್ ಮಿಲ್ಲರ್ 1966ರಲ್ಲಿ ಆಟಗಾರರ ಸಂಘದ ಚುಕ್ಕಾಣಿ ಹಿಡಿದು, ತಕರಾರುಗಳನ್ನು ಹೊರಗಿನ ಮಧ್ಯಸ್ಥರೇ ತೀರ್ಮಾನಿಸಬೇಕೆಂಬ ಷರತ್ತನ್ನು 1970ರ ಒಪ್ಪಂದದಲ್ಲಿ ಸೇರಿಸಿದ್ದರು. ಒಡೆಯರು ಅದನ್ನು ಚಿಲ್ಲರೆ ವಿಷಯವೆಂದು ಬಗೆದಿದ್ದಿರಬೇಕು. 1975ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ಪಿಚರ್, ಎಂದರೆ ಚೆಂಡೆಸೆತಗಾರ, ಆ್ಯಂಡಿ ಮೆಸರ್‌ಸ್ಮಿತ್ ಕರಾರಿಗೆ ಸಹಿ ಹಾಕದೆ ಇಡೀ ಋತು ಆಡಿದರು. ಮಾಂಟ್ರಿಯಲ್ ತಂಡ ಬಿಟ್ಟು ಊರು ಸೇರಿದ್ದ ಡೇವ್ ಮೆಕ್‌ನ್ಯಾಲಿಯೂ ಸಹಿ ಹಾಕಿರಲಿಲ್ಲ. ಒಂದು ವರ್ಷ ಎಂದರೆ ಎಷ್ಟು ವರ್ಷ ಎಂಬ ಪ್ರಶ್ನೆ ಪೀಟರ್ ಸೈಟ್ಸ್ ಎಂಬ ಮಧ್ಯಸ್ಥರ ಮುಂದೆ ಬಂತು. ನೀವು ನೀವೇ ಮಾತಾಡಿ ಬಗೆಹರಿಸಿಕೊಳ್ಳಿ ಎಂದು ಸೈಟ್ಸ್ ಒಡೆಯರಿಗೆ ಹೇಳಿನೋಡಿದರು, ಅವರು ಕಿವಿಗೊಡಲಿಲ್ಲ. 1975ರ ಡಿಸೆಂಬರ್ 23ರಂದು ತೀರ್ಪು ಹೊರಬಿತ್ತು: ಒಂದು ವರ್ಷ ಎಂದರೆ ಒಂದೇ ವರ್ಷ, ಅದು ಕಳೆದ ಮೇಲೆ ಆಟಗಾರ ಸ್ವತಂತ್ರ. ಒಡೆಯರು ಆ ಕ್ಷಣವೇ ಸೈಟ್ಸ್ ಅವರನ್ನು ಕೆಲಸದಿಂದ ತೆಗೆದರು. ಮೇಲ್ಮನವಿಗಳಲ್ಲೂ ತೀರ್ಪು ಉಳಿಯಿತು.

ಇಲ್ಲಿಂದ ಮುಂದಿನದು ಪರಿಹಾರದ ಕಥೆ. ಬಾಗಿಲು ತೆರೆದದ್ದನ್ನು ಮುಚ್ಚಲಾರದವರು ಹೊಸ್ತಿಲಲ್ಲೊಂದು ಸುಂಕದ ಕಟ್ಟೆ ಹಾಕಿದರು. ಆಮೇಲಿನ ಅರ್ಧ ಶತಮಾನ ನಡೆದದ್ದೆಲ್ಲ ಆ ಸುಂಕವನ್ನು ಯಾರು, ಯಾರಿಗೆ, ಏನನ್ನು ಕೊಟ್ಟು ತೀರಿಸಬೇಕೆಂಬ ಜಗಳ.

ಓಕ್‌ಲ್ಯಾಂಡ್ ತಂಡದ ಒಡೆಯ ಚಾರ್ಲಿ ಫಿನ್ಲಿ ಒಬ್ಬರು ಮಾತ್ರ, ಪ್ರತಿ ವರ್ಷ ಎಲ್ಲರನ್ನೂ ಬಿಟ್ಟುಬಿಡಿ ಎಂದರು. ನೂರಾರು ಜನ ಒಟ್ಟಿಗೆ ಸಂತೆಗೆ ಬಂದರೆ ಬೆಲೆ ತಾನಾಗಿ ಬೀಳುತ್ತದೆಂದು ಅವರ ಎಣಿಕೆ. ಈ ಮಾತಿಗೆ ನಿಜವಾಗಿ ಹೆದರಿದವರು ಮಾರ್ವಿನ್ ಮಿಲ್ಲರ್. ಪುಣ್ಯಕ್ಕೆ ಉಳಿದ ಒಡೆಯರಿಗೆ ಫಿನ್ಲಿಯನ್ನು ಕಂಡರಾಗುತ್ತಿರಲಿಲ್ಲ. ಅವರ ಬಾಯಿಂದ ಬಂದ ಕಾರಣಕ್ಕೇ ಆ ಸಲಹೆ ಸತ್ತಿತು. 1976ರ ಜುಲೈ ಒಪ್ಪಂದದಲ್ಲಿ ಎರಡು ಕಡೆಯವರೂ ಆರು ವರ್ಷಕ್ಕೆ ಬಂದು ನಿಂತರು. ಮೇಜರ್ ಲೀಗಿನಲ್ಲಿ ಆರು ವರ್ಷ ಆಡಿದವನು ಫ್ರೀ ಏಜೆಂಟ್, ಎಂದರೆ ಬೇಕಾದ ತಂಡ ಸೇರಲು ಸ್ವತಂತ್ರ. ಆದರೆ ಅವನನ್ನು ಸೇರಿಸಿಕೊಂಡ ತಂಡ ಬಿಟ್ಟುಕೊಟ್ಟ ತಂಡಕ್ಕೆ ತನ್ನ ಡ್ರಾಫ್ಟಿನ ಒಂದು ಸರದಿಯನ್ನು ಒಪ್ಪಿಸಬೇಕು.

ಡ್ರಾಫ್ಟ್ ಎಂದರೇನೆಂದು ಹೇಳಿಬಿಡಬೇಕು. 1965ರಿಂದ ಪ್ರತಿ ವರ್ಷ ಶಾಲೆ ಕಾಲೇಜುಗಳ ಹುಡುಗರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಹೆಚ್ಚು ಸೋತವರಿಗೆ ಮೊದಲ ಸರದಿ ಎಂಬುದು ಬಹುಕಾಲ ನಡೆದುಬಂದ ಕ್ರಮ. ಐಪಿಎಲ್ ಹರಾಜಿನಂತೆ ಕೂಗಿ ಕೊಳ್ಳುವ ಮಾತಿಲ್ಲ. ಯಾವ ತಂಡ ಹೆಸರು ಹೇಳಿತೋ ಆ ತಂಡದೊಡನೆ ಮಾತ್ರ ಹುಡುಗ ಮಾತಾಡಬೇಕು. ಹೀಗಾಗಿ ಸರದಿಯೇ ಸಂಪತ್ತು. ಮೊದಲ ಸುತ್ತಿನ ಒಂದು ಸರದಿ ಕಳೆದುಕೊಂಡ ತಂಡ, ಮುಂದೆಂದೋ ದೊಡ್ಡವನಾಗಬಹುದಾದ ಒಬ್ಬ ಹುಡುಗನನ್ನು ಕಳೆದುಕೊಂಡಿತು. ಆದರೆ ಆಗಬಹುದಾದ ಎಂಬ ಮಾತಿನಲ್ಲೇ ಒಡೆಯರ ಅತೃಪ್ತಿ ಇತ್ತು. ಇಪ್ಪತ್ತು ಪಂದ್ಯ ಗೆಲ್ಲಿಸಿದ ಪಿಚರ್ ಕೈಬಿಟ್ಟು ಹೋದಾಗ ಹದಿನೆಂಟರ ಹುಡುಗನ ಹೆಸರಿರುವ ಚೀಟಿ ಕೊಟ್ಟರೆ ಯಾರಿಗೆ ಸಮಾಧಾನ?

1980ರ ಹೊತ್ತಿಗೆ ಒಡೆಯರು ಹಟ ಹಿಡಿದರು. ಆಟಗಾರನ ಬದಲಿಗೆ ಆಟಗಾರನೇ ಬೇಕು, ಸೇರಿಸಿಕೊಂಡ ತಂಡದ ಪಟ್ಟಿಯಿಂದಲೇ ಒಬ್ಬ ಬರಬೇಕು. ಮಿಲ್ಲರ್ ಇದರ ಒಳಗುಟ್ಟು ಬಲ್ಲವರು. ಒಬ್ಬನನ್ನು ಕೊಳ್ಳಲು ಇನ್ನೊಬ್ಬನನ್ನು ತೆರಬೇಕಾದರೆ ಕೊಳ್ಳುವವರ ಕೈ ಹಿಂದೆ ಸರಿಯುತ್ತದೆ, ಬೆಲೆ ಇಳಿಯುತ್ತದೆ, ಸೈಟ್ಸ್ ಮುರಿದ ಸರಪಳಿಯನ್ನು ಹಿತ್ತಲ ಬಾಗಿಲಿನಿಂದ ಮತ್ತೆ ಒಳಗೆ ತಂದಂತಾಗುತ್ತದೆ. ನನ್ನ ಎಣಿಕೆಯಲ್ಲೂ ಅದರ ಉದ್ದೇಶ ಅಷ್ಟೇ. ಬಡ ತಂಡಗಳನ್ನು ಉಳಿಸುವ ಮಾತು ಮುಂದಕ್ಕಿತ್ತು, ಸಂಬಳ ಹಿಡಿದಿಡುವ ಆಸೆ ಅದರ ಬೆನ್ನ ಹಿಂದಿತ್ತು. ಜಗಳ ಬಗೆಹರಿಯದೆ ಆ ಮೇ ತಿಂಗಳಲ್ಲಿ ಪ್ರಶ್ನೆಯನ್ನು ನಾಲ್ವರ ಸಮಿತಿಗೆ ಒಪ್ಪಿಸಿದರು. ಆಟಗಾರರ ಕಡೆಯಿಂದ ಸಾಲ್ ಬ್ಯಾಂಡೊ ಮತ್ತು ಬಾಬ್ ಬೂನ್, ಒಡೆಯರ ಕಡೆಯಿಂದ ಮಿಲ್ವಾಕಿಯ ಹ್ಯಾರಿ ಡಾಲ್ಟನ್ ಮತ್ತು ನ್ಯೂಯಾರ್ಕ್ ಮೆಟ್ಸ್‌ನ ಫ್ರ್ಯಾಂಕ್ ಕ್ಯಾಶನ್. ಕೊನೆಯ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಸಮಿತಿ ಒಮ್ಮತಕ್ಕೆ ಬರಲಿಲ್ಲ. 1981ರ ಜೂನ್ 12ರಂದು ಆಟಗಾರರು ಮುಷ್ಕರ ಹೂಡಿದರು. ನಡುಬೇಸಗೆಯಲ್ಲಿ ಮೈದಾನಗಳು ಬರಿದಾದವು. ಒಡೆಯರು ಮೊದಲೇ ಲಂಡನ್ನಿನ ಲಾಯ್ಡ್ಸ್ ಬಳಿ ಮುಷ್ಕರಕ್ಕೆಂದೇ 5 ಕೋಟಿ ಡಾಲರಿನ ವಿಮೆ ಮಾಡಿಸಿಟ್ಟಿದ್ದರು. ಆ ಹಣ ತೀರುವ ಹೊತ್ತು ಬಂದಂತೆ ರಾಜಿಯ ಮಾತೂ ಮೃದುವಾಯಿತು. ಜುಲೈ 31ರಂದು ಒಪ್ಪಂದವಾಯಿತು. ಅಷ್ಟರಲ್ಲಿ 713 ಪಂದ್ಯಗಳು ರದ್ದಾಗಿದ್ದವು. ಒಡೆಯರ ಪರ ವಾದಿಸಿದ ರೇ ಗ್ರೀಬಿಯೊಡನೆ ಕೈಕುಲುಕುವ ಫೋಟೊಕ್ಕೆ ನಿಲ್ಲಲು ಮಿಲ್ಲರ್ ಒಪ್ಪಲಿಲ್ಲ. ಋತುವನ್ನು ಮುಷ್ಕರಕ್ಕೆ ಮುಂಚಿನದು, ಆಮೇಲಿನದು ಎಂದು ಎರಡು ಹೋಳು ಮಾಡಿ, ಒಂದೊಂದು ಹೋಳಿಗೂ ಒಬ್ಬೊಬ್ಬ ವಿಜೇತರೆಂದು ಲೆಕ್ಕ ಹಾಕಿದರು. ಆ ವರ್ಷ ಎರಡೂ ಲೀಗುಗಳಲ್ಲಿ ಎಲ್ಲರಿಗಿಂತ ಒಳ್ಳೆಯ ಗೆಲುವಿನ ಲೆಕ್ಕವಿದ್ದ ಸಿನ್ಸಿನಾಟಿ ತಂಡ ಎರಡು ಹೋಳುಗಳಲ್ಲೂ ಎರಡನೆಯದಾಗಿ, ಅಂತಿಮ ಸುತ್ತುಗಳಿಗೆ ಕಾಲಿಡಲಾಗದೆ ಮನೆಗೆ ಹೋಯಿತು.

ರಾಜಿಯಿಂದ ಹುಟ್ಟಿದ ಕೂಸು ವಿಚಿತ್ರವಾಗಿತ್ತು. ಎಲಾಯಸ್ ಎಂಬ ಅಂಕಿಸಂಖ್ಯೆಯ ಕಚೇರಿ ಎಲ್ಲ ಆಟಗಾರರನ್ನೂ ಅವರವರ ಸ್ಥಾನದಲ್ಲಿ ಅಳೆದು, ಮೇಲಿನ ಐದನೆಯ ಒಂದು ಪಾಲಿನವರನ್ನು ಟೈಪ್ ಎ ಎಂದು ಕರೆಯಿತು. ಅಂಥವನು ಹೊರಟುಹೋದರೆ, ಬಿಟ್ಟುಕೊಟ್ಟ ತಂಡಕ್ಕೆ ಡ್ರಾಫ್ಟಿನ ಸರದಿಯ ಜೊತೆಗೆ ಒಬ್ಬ ಆಟಗಾರನೂ ದೊರೆಯುತ್ತಾನೆ. ಆದರೆ ಅವನು ಸೇರಿಸಿಕೊಂಡ ತಂಡದಿಂದಲೇ ಬರಬೇಕೆಂದಿಲ್ಲ. ಎಲ್ಲ ತಂಡಗಳೂ ತಮ್ಮ ಇಡೀ ಬಳಗದಲ್ಲಿ, ಕೆಳಗಿನ ಲೀಗುಗಳ ಹುಡುಗರೂ ಸೇರಿ, 26 ಮಂದಿಯ ಹೆಸರನ್ನು ಕಾಪಿಟ್ಟುಕೊಳ್ಳಬೇಕು. ಟೈಪ್ ಎ ಆಟಗಾರನನ್ನು ಕೊಂಡ ತಂಡಕ್ಕೆ ಅದು 24. ಉಳಿದವರೆಲ್ಲ ಒಂದು ಸಾಮಾನ್ಯ ರಾಶಿಗೆ ಬೀಳುತ್ತಾರೆ. ಆಟಗಾರನನ್ನು ಕಳೆದುಕೊಂಡ ತಂಡ ಆ ರಾಶಿಯಿಂದ ಯಾರನ್ನಾದರೂ ಎತ್ತಿಕೊಳ್ಳಬಹುದು. ಮೂರು ವರ್ಷ ಯಾವ ಟೈಪ್ ಎ ಆಟಗಾರನನ್ನೂ ಕೊಳ್ಳುವುದಿಲ್ಲವೆಂದು ಮಾತುಕೊಟ್ಟ ಕೆಲವರು ಮಾತ್ರ ಇದರಿಂದ ಹೊರಗುಳಿದರು. ಮಿಲ್ಲರ್ ದೃಷ್ಟಿಯಲ್ಲಿ ಇದು ಗೆಲುವೇ: ಸುಂಕ ನೇರವಾಗಿ ಕೊಳ್ಳುವವರ ಮೇಲೆ ಬೀಳದಿದ್ದರೆ ಕೊಳ್ಳಲು ಅವರು ಹೆದರುವುದಿಲ್ಲ. ನಡುವೆ ಸಿಕ್ಕಿಬೀಳುವವರು ಮಾತ್ರ ಯಾರೋ ಮೂರನೆಯವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಗಾದೆಯನ್ನು ಕಲಮು ಕಲಮಾಗಿ ಕಾನೂನು ಮಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

1983ರ ಋತು ಮುಗಿದ ಮೇಲೆ ಷಿಕಾಗೊ ವೈಟ್ ಸಾಕ್ಸ್ ತಂಡದ ಪಿಚರ್ ಡೆನಿಸ್ ಲ್ಯಾಂಪ್ ಫ್ರೀ ಏಜೆಂಟ್ ಆಗಿ ಟೊರಾಂಟೊ ಸೇರಿದರು. ಲ್ಯಾಂಪ್ ಒಳ್ಳೆಯ ಆಟಗಾರರು, ಚರಿತ್ರೆಯಲ್ಲಿ ಹೆಸರು ಕೆತ್ತಿಸಿಕೊಂಡವರೇನೂ ಅಲ್ಲ. ಆದರೆ ಎಲಾಯಸ್ ಲೆಕ್ಕದಲ್ಲಿ ಅವರು ಟೈಪ್ ಎ. ಷಿಕಾಗೊಗೆ ರಾಶಿಯಿಂದ ಒಬ್ಬನನ್ನು ಆರಿಸುವ ಹಕ್ಕು ಬಂತು. ನ್ಯೂಯಾರ್ಕ್ ಮೆಟ್ಸ್ ಕಾಪಿಡದೆ ಬಿಟ್ಟ ಹೆಸರುಗಳ ಪಟ್ಟಿಯಲ್ಲಿ ಅವರ ಕಣ್ಣಿಗೆ ಬಿದ್ದ ಹೆಸರು ಪಿಚರ್ ಟಾಮ್ ಸೀವರ್.

ಸೀವರ್ ಮೆಟ್ಸ್‌ಗೆ ಏನಾಗಿದ್ದರೆಂದು ಹೇಳದೆ ಈ ಮಾತಿನ ತೂಕ ತಿಳಿಯದು. ಹುಟ್ಟಿದಾಗಿನಿಂದ ಸೋಲನ್ನೇ ಉಂಡ ತಂಡಕ್ಕೆ 1967ರಲ್ಲಿ ಬಂದು, 1969ರಲ್ಲಿ ಅದನ್ನು ವರ್ಲ್ಡ್ ಸೀರೀಸ್ ಗೆಲ್ಲುವಂತೆ ಮಾಡಿದವರು ಅವರು. 1977ರಲ್ಲಿ ಸಂಬಳದ ಜಗಳದಲ್ಲಿ ಆಡಳಿತ ಅವರನ್ನು ಸಿನ್ಸಿನಾಟಿಗೆ ಕೊಟ್ಟಾಗ ಊರೇ ಶೋಕಾಚರಣೆ ಮಾಡಿತ್ತು. 1982ರ ಡಿಸೆಂಬರಿನಲ್ಲಿ ಅವರನ್ನು ಮರಳಿ ಕರೆತಂದು ಆ ಪಾಪ ತೊಳೆದುಕೊಂಡವರು ಹೊಸ ಆಡಳಿತದ ಮುಖ್ಯಸ್ಥ ಫ್ರ್ಯಾಂಕ್ ಕ್ಯಾಶನ್. ಪರಿಹಾರದ ಪ್ರಶ್ನೆಯನ್ನು ಬಿಡಿಸಲು ಕೂತ ನಾಲ್ವರಲ್ಲಿ ಒಬ್ಬರಾಗಿದ್ದ ಅದೇ ಕ್ಯಾಶನ್. ಸೀವರ್‌ಗೆ ಆಗ 39 ವರ್ಷ, ಸಂಬಳ ದೊಡ್ಡದು, ಹಿಂದಿನ ಋತುವಿನಲ್ಲಿ ಒಂಬತ್ತು ಗೆಲುವು, ಹದಿನಾಲ್ಕು ಸೋಲು. ಇಂಥವರನ್ನು ಯಾರು ಎತ್ತಿಕೊಂಡಾರು ಎಂದು ಕ್ಯಾಶನ್ 26ರ ಪಟ್ಟಿಯನ್ನು ಎಳೆಯರಿಂದ ತುಂಬಿಸಿದರು. 1984ರ ಜನವರಿ 20ರಂದು ಷಿಕಾಗೊ ಎತ್ತಿಕೊಂಡಿತು. ಮೆಟ್ಸ್ ಯಾರನ್ನೂ ಕೊಂಡಿರಲಿಲ್ಲ, ಲ್ಯಾಂಪ್ ಹೋದದ್ದು ಕೆನಡಾಕ್ಕೆ; ತೆತ್ತವರು ಮಾತ್ರ ನ್ಯೂಯಾರ್ಕಿನವರು. ಕ್ಯಾಶನ್ ತಪ್ಪನ್ನು ತಮ್ಮ ತಲೆಯ ಮೇಲೇ ಹೊತ್ತುಕೊಂಡರು. ಅದು ಬಿಟ್ಟು ಅವರಿಗೆ ಬೇರೆ ದಾರಿಯೂ ಇರಲಿಲ್ಲ.

ಅದೇ ಚಳಿಗಾಲ ಊರಿನ ಇನ್ನೊಂದು ತಂಡಕ್ಕೂ ಬರೆ ಬಿತ್ತು. ಯಾಂಕೀಸ್ ಜನವರಿಯ ಡ್ರಾಫ್ಟಿನಲ್ಲಿ ಟಿಮ್ ಬೆಲ್ಚರ್ ಎಂಬ ಯುವ ಪಿಚರನ್ನು ಆರಿಸಿತ್ತು. ಕಾಪಿಡುವ ಪಟ್ಟಿಯನ್ನು ಸಲ್ಲಿಸಿಯಾದ ಮೇಲೆ ಬೆಲ್ಚರ್ ಸಹಿ ಹಾಕಿದರು. ಹಾಕಿದೊಡನೆ ರಾಶಿಗೆ ಬಿದ್ದರು. ಬಾಲ್ಟಿಮೋರ್ ಕೊಂಡ ಟಾಮ್ ಅಂಡರ್‌ವುಡ್ ಬದಲಿಗೆ ಓಕ್‌ಲ್ಯಾಂಡ್ ಅವರನ್ನು ಎತ್ತಿಕೊಂಡಿತು. ಯಾಂಕೀಸ್ ಉಡುಪಿನಲ್ಲಿ ಒಂದು ಚೆಂಡನ್ನೂ ಎಸೆಯದೆ ಹೋದ ಬೆಲ್ಚರ್ ಮುಂದೆ ಡಾಡ್ಜರ್ಸ್ ಸೇರಿ, 1988ರ ವರ್ಲ್ಡ್ ಸೀರೀಸಿನಲ್ಲಿ ಓಕ್‌ಲ್ಯಾಂಡ್ ವಿರುದ್ಧವೇ ಎಸೆದು ಗೆದ್ದರು.

ಸೀವರ್ ಷಿಕಾಗೊದಲ್ಲಿ ಮುದುಕರಂತೆ ಆಡಲಿಲ್ಲ. 1984ರಲ್ಲಿ 15 ಗೆಲುವು, ಮರುವರ್ಷ 16. 1985ರ ಆಗಸ್ಟ್ 4ರಂದು ಅವರು 300ನೆಯ ಗೆಲುವು ಪಡೆದರು. ಪಂದ್ಯ ನಡೆದದ್ದು ನ್ಯೂಯಾರ್ಕಿನಲ್ಲೇ, ಆದರೆ ಮೆಟ್ಸ್‌ನ ಮೈದಾನದಲ್ಲಲ್ಲ, ಯಾಂಕೀ ಸ್ಟೇಡಿಯಮ್ಮಿನಲ್ಲಿ. ತಮ್ಮ ಊರಿನಲ್ಲಿ ಪರವೂರಿನ ಉಡುಪು ತೊಟ್ಟು ನಿಂತವರಿಗೆ ಎದುರಾಳಿಯ ಗ್ಯಾಲರಿ ಚಪ್ಪಾಳೆ ಹೊಡೆಯಿತು. ಎರಡು ದಿನ ಕಳೆದು ಆಟಗಾರರು ಮತ್ತೆ ಮುಷ್ಕರ ಹೂಡಿದರು. ಈ ಸಲ ಅದು ಎರಡೇ ದಿನಕ್ಕೆ ಮುಗಿಯಿತು. ಹೊಸ ಒಪ್ಪಂದದಲ್ಲಿ ಆ ರಾಶಿಯನ್ನೇ ರದ್ದು ಮಾಡಿದರು. ಅದನ್ನು ಉಳಿಸಿಕೊಳ್ಳಲು ಒಡೆಯರಲ್ಲೇ ಯಾರಿಗೂ ಮನಸ್ಸಿರಲಿಲ್ಲ. ಪರಿಹಾರ ಮತ್ತೆ ಡ್ರಾಫ್ಟಿನ ಸರದಿಗೆ ಮರಳಿತು.

ರಾಶಿ ಹೋದರೂ ಸಂಬಳ ಹಿಡಿದಿಡುವ ಆಸೆ ಹೋಗಲಿಲ್ಲ. 1985ರ ಚಳಿಗಾಲದಿಂದ ಮೂರು ಋತು ಒಡೆಯರು ಒಳಗೊಳಗೇ ಮಾತಾಡಿಕೊಂಡು ಫ್ರೀ ಏಜೆಂಟರನ್ನು ಕೊಳ್ಳದೆ ಕೂತರು. 1987ರಲ್ಲಿ ಆ್ಯಂಡ್ರೆ ಡಾಸನ್ ಸಂಬಳದ ಜಾಗ ಖಾಲಿ ಬಿಟ್ಟ ಕರಾರುಪತ್ರವನ್ನು ಷಿಕಾಗೊ ಕಬ್ಸ್ ಕೈಗೆ ಕೊಟ್ಟು, ಅವರು ಬರೆದಷ್ಟಕ್ಕೆ ಆಡಿ, ಆ ವರ್ಷ ಲೀಗಿನ ಅತ್ಯಮೂಲ್ಯ ಆಟಗಾರರೆನಿಸಿಕೊಂಡರು. ಮಧ್ಯಸ್ಥರು ಸಂಚನ್ನು ಬಯಲಿಗೆಳೆದರು. 1990ರಲ್ಲಿ ಒಡೆಯರು 28 ಕೋಟಿ ಡಾಲರ್ ದಂಡ ತೆತ್ತರು.

ರಾಶಿಯ ಬದಲಿಗೆ ಬಂದ ಸರದಿಯ ಪದ್ಧತಿ, ನಡುನಡುವೆ ತಿದ್ದುಪಡಿಗಳೊಡನೆ, 2011ರವರೆಗೆ ಆಳಿತು. ಟೈಪ್ ಎ ಆಟಗಾರ ಹೋದರೆ ಬಿಟ್ಟುಕೊಟ್ಟ ತಂಡಕ್ಕೆ ಎರಡು ಸರದಿ: ಸೇರಿಸಿಕೊಂಡ ತಂಡದ ಮೊದಲ ಸುತ್ತಿನ ಸರದಿ ಒಂದು, ಮೊದಲ ಮತ್ತು ಎರಡನೆಯ ಸುತ್ತಿನ ನಡುವೆ ತೂರಿಸಿದ ಸರದಿ ಇನ್ನೊಂದು. ಸೇರಿಸಿಕೊಂಡದ್ದು ತಳದ ತಂಡವಾದರೆ ಅದರ ಮೊದಲ ಸುತ್ತಿಗೆ ರಕ್ಷಣೆ. ಎರಡನೆಯ ಸುತ್ತಿನದನ್ನು ಕೊಟ್ಟರೆ ಸಾಕು. ಈ ಸರದಿಗಳು ಸುಮ್ಮನೆ ಬರುವುದಿಲ್ಲ. ಹೊರಡುವವನಿಗೆ ತಂಡ ಮೊದಲು, ಮಧ್ಯಸ್ಥರು ಹೇಳಿದ ಸಂಬಳಕ್ಕೆ ಇನ್ನೊಂದು ವರ್ಷ ಇರು ಎಂದು ಕರೆಯಬೇಕು. ಅವನು ಒಪ್ಪಿಬಿಟ್ಟರೆ ಇಟ್ಟುಕೊಳ್ಳಲೇಬೇಕು. 2002ರ ಡಿಸೆಂಬರಿನಲ್ಲಿ ಅಟ್ಲಾಂಟಾ ಹೀಗೆ ಗ್ರೆಗ್ ಮ್ಯಾಡಕ್ಸ್ ಅವರನ್ನು ಕರೆಯಿತು, ಅವರು ಹೊರಡುತ್ತಾರೆಂಬ ಭರವಸೆಯಲ್ಲಿ. ಮ್ಯಾಡಕ್ಸ್ ಸರಿ ಎಂದರು. ಒಂದೇ ವರ್ಷಕ್ಕೆ 1 ಕೋಟಿ 47.5 ಲಕ್ಷ ಡಾಲರ್ ಹೊಂದಿಸಬೇಕಾದ ಅಟ್ಲಾಂಟಾ, ಇನ್ನೊಬ್ಬ ಪಿಚರ್ ಕೆವಿನ್ ಮಿಲ್‌ವುಡ್ ಅವರನ್ನು ಎದುರಾಳಿ ಫಿಲಡೆಲ್ಫಿಯಾಕ್ಕೆ ಸಾಗಹಾಕಬೇಕಾಯಿತು.

ಈ ಪದ್ಧತಿಯ ಕೆಲವು ಲೆಕ್ಕಗಳು ಇಂದಿಗೂ ನಗು ತರಿಸುತ್ತವೆ. 2008ರ ಚಳಿಗಾಲದಲ್ಲಿ ಯಾಂಕೀಸ್ ಮೂವರು ಟೈಪ್ ಎ ಆಟಗಾರರನ್ನು ಕೊಂಡಿತು: ಮಿಲ್ವಾಕಿಯಿಂದ ಸಿ.ಸಿ. ಸಬಾಥಿಯಾ, ಏಂಜೆಲ್ಸ್‌ನಿಂದ ಮಾರ್ಕ್ ಟೆಷೇರಾ, ಟೊರಾಂಟೊದಿಂದ ಎ.ಜೆ. ಬರ್ನೆಟ್. ಮೊದಲ ಸುತ್ತಿನ ಸರದಿ ಇದ್ದದ್ದು ಒಂದೇ. ಎಲಾಯಸ್ ಅಂಕದಲ್ಲಿ ಟೆಷೇರಾ ಕೂದಲೆಳೆಯಷ್ಟು ಮೇಲಿದ್ದರು, ಸರದಿ ಏಂಜೆಲ್ಸ್ ಪಾಲಾಯಿತು. ಮಿಲ್ವಾಕಿಗೆ ಎರಡನೆಯ ಸುತ್ತು, ಟೊರಾಂಟೊಗೆ ಮೂರನೆಯದು. 2009ರ ಜೂನಿನಲ್ಲಿ 25ನೆಯದಾಗಿ ಬಂದ ಆ ಸರದಿಯಲ್ಲಿ ಏಂಜೆಲ್ಸ್ ನ್ಯೂಜೆರ್ಸಿಯ ಮಿಲ್‌ವಿಲ್ ಎಂಬ ಊರಿನ ಹುಡುಗನ ಹೆಸರು ಹೇಳಿತು. ಮೈಕ್ ಟ್ರೌಟ್ ಮುಂದೆ ಮೂರು ಬಾರಿ ಲೀಗಿನ ಅತ್ಯಮೂಲ್ಯ ಆಟಗಾರರಾದರು.

2011ರ ಒಪ್ಪಂದ ಎಲಾಯಸ್ ಲೆಕ್ಕವನ್ನು ಕೈಬಿಟ್ಟು ಕ್ವಾಲಿಫೈಯಿಂಗ್ ಆಫರ್ ತಂದಿತು. ಅತಿ ಹೆಚ್ಚು ಸಂಬಳದ 125 ಆಟಗಾರರ ಸರಾಸರಿಯನ್ನು ತಂಡ ಒಂದು ವರ್ಷಕ್ಕೆ ಕೊಡಲು ಮುಂದಾಗಬೇಕು. 2012ರಲ್ಲಿ ಅದು 1 ಕೋಟಿ 33 ಲಕ್ಷ ಡಾಲರ್. ಆಟಗಾರ ಒಲ್ಲೆನೆಂದು ಹೊರಟರೆ ಮಾತ್ರ ಸರದಿ. ತೀರ ದೊಡ್ಡವರಿಗೆ ಇದರಿಂದ ತೊಂದರೆಯಾಗಲಿಲ್ಲ. ಅವರಿಗಿಂತ ಒಂದು ಮೆಟ್ಟಿಲು ಕೆಳಗಿದ್ದವರ ಕೊರಳಿಗೆ ಸುಂಕದ ಚೀಟಿ ತೂಗುಬಿದ್ದಿತು. ಕೆಂಡ್ರಿಸ್ ಮೊರಾಲೆಸ್ 2014ರಲ್ಲಿ ಜೂನ್ ಡ್ರಾಫ್ಟ್ ಮುಗಿದು ಸುಂಕ ತೀರುವವರೆಗೆ ಮನೆಯಲ್ಲಿ ಕೂತು ಆಮೇಲೆ ಮಿನೆಸೋಟ ಸೇರಿದರು. ಮುಂದಿನ ಒಪ್ಪಂದ, ಕಳೆದುಕೊಂಡ ತಂಡದ ಐಶ್ವರ್ಯ ನೋಡಿ ಸರದಿ ಎಲ್ಲಿ ಸಿಗಬೇಕೆಂದು ಮೆಟ್ಟಿಲು ಕಟ್ಟಿತು. ಬಡ ತಂಡದಿಂದ ಹೋದವನು 5 ಕೋಟಿ ಡಾಲರಿಗೆ ಕಡಿಮೆಯಿಲ್ಲದ ಕರಾರು ಪಡೆದರೆ ಮೊದಲ ಸುತ್ತು ಮುಗಿದೊಡನೆ. ಸಂಬಳದ ಮಿತಿ ಮೀರಿ ತೆರಿಗೆ ಕಟ್ಟಿದ ಸಿರಿವಂತರಿಗೆ ನಾಲ್ಕನೆಯ ಸುತ್ತು ಕಳೆದ ಮೇಲೆ.

ಪರಿಹಾರದ ಸರದಿಗಳಲ್ಲಿ ಒಂದು ವಂಶಾವಳಿಯೇ ಇದೆ. 2001ರ ಕೊನೆಯಲ್ಲಿ ಬಡ ಓಕ್‌ಲ್ಯಾಂಡ್ ಒಂದೇ ಚಳಿಗಾಲದಲ್ಲಿ ಜೇಸನ್ ಜಿಯಾಂಬಿ, ಜಾನಿ ಡೇಮನ್, ಜೇಸನ್ ಇಸ್ರಿಂಗ್‌ಹೌಸೆನ್ ಮೂವರನ್ನೂ ಕಳೆದುಕೊಂಡಿತು. ಬದಲಿಗೆ ಮರುವರ್ಷದ ಡ್ರಾಫ್ಟಿನ ಮೊದಲ 39 ಸರದಿಗಳಲ್ಲಿ ಏಳು ಅದರ ಕೈಯಲ್ಲಿದ್ದವು. ಡೇಮನ್ ಅವರನ್ನು ಕೊಂಡ ಬಾಸ್ಟನ್ ಒಪ್ಪಿಸಿದ 16ನೆಯ ಸರದಿಯಲ್ಲಿ ಬಂದವರು ನಿಕ್ ಸ್ವಿಷರ್. ಸ್ವಿಷರ್ ಷಿಕಾಗೊ ಹಾಯ್ದು ಯಾಂಕೀಸ್ ಸೇರಿ, 2012ರ ನಂತರ ಕ್ಲೀವ್‌ಲ್ಯಾಂಡಿಗೆ ಹೊರಟರು. ಅವರ ಬದಲಿಗೆ ಯಾಂಕೀಸ್‌ಗೆ ದೊರೆತದ್ದು 2013ರ 32ನೆಯ ಸರದಿ. ಆ ಸರದಿಯಲ್ಲಿ ಅವರು ಆರಿಸಿದ್ದು ಫ್ರೆಸ್ನೊ ಸ್ಟೇಟ್ ಕಾಲೇಜಿನ ಆರೂವರೆ ಅಡಿ ಮೀರಿದ ಎತ್ತರದ ಹುಡುಗನನ್ನು, ಆ್ಯರನ್ ಜಡ್ಜ್ ಅವರನ್ನು. ಮೂರು ವರ್ಷ ಹಿಂದೆ ಓಕ್‌ಲ್ಯಾಂಡ್ ಅವರನ್ನು 31ನೆಯ ಸುತ್ತಿನಲ್ಲಿ ಹೆಸರಿಸಿತ್ತು, ಆದರೆ ಜಡ್ಜ್ ಸಹಿ ಹಾಕದೆ ಕಾಲೇಜಿಗೆ ಹೋಗಿದ್ದರು.

2022ರಲ್ಲಿ ಜಡ್ಜ್ 62 ಹೋಂ ರನ್ ಹೊಡೆದು, ರೋಜರ್ ಮ್ಯಾರಿಸ್ 1961ರಲ್ಲಿ ಬರೆದ ಅಮೆರಿಕನ್ ಲೀಗಿನ ದಾಖಲೆಯನ್ನು ಮುರಿದರು. ಆ ನವೆಂಬರಿನಲ್ಲಿ ಅವರೂ ಫ್ರೀ ಏಜೆಂಟ್. ಯಾಂಕೀಸ್ ಕಾನೂನಿನಂತೆ 1 ಕೋಟಿ 96.5 ಲಕ್ಷ ಡಾಲರಿನ ಆಫರ್ ಮುಂದಿಟ್ಟಿತು, ಅವರು ಒಲ್ಲೆನೆಂದರು. ಸ್ಯಾನ್ ಫ್ರಾನ್ಸಿಸ್ಕೊ ಕೈಚಾಚಿ ಕಾದಿತ್ತು. ಡಿಸೆಂಬರಿನಲ್ಲಿ ಒಂಬತ್ತು ವರ್ಷಕ್ಕೆ 36 ಕೋಟಿ ಡಾಲರ್ ಎಂದು ಯಾಂಕೀಸ್ ತಾನೇ ಅವರನ್ನು ಉಳಿಸಿಕೊಂಡಿತು. ಹೋಗಿದ್ದರೆ, ತೆರಿಗೆ ಕಟ್ಟುವ ಸಿರಿವಂತ ತಂಡವಾದ್ದರಿಂದ, ಆ 62 ಹೋಂ ರನ್ನುಗಳ ಒಡೆಯನ ಬದಲಿಗೆ ಅವರಿಗೆ ಸಿಗುತ್ತಿದ್ದದ್ದು ನಾಲ್ಕನೆಯ ಸುತ್ತು ಮುಗಿದ ಮೇಲಿನ ಒಂದು ಸರದಿ.